ಬೇಟೆಯ ಡೇರೆಯಿಂದ ಕ್ಯಾಮೆರಾದ ಡೇರೆಗೆ

ಶ್ರಾವಕನು ತ್ಯಜಿಸಬೇಕಾದ ಸಪ್ತವ್ಯಸನಗಳಲ್ಲಿ ಬೇಟೆಯೂ ಒಂದೆಂಬುದು ವಾಚಕರಿಗೆ ತಿಳಿದ ವಿಷಯ. ಪೂರ್ವಾಚಾರ್ಯರು ಅದನ್ನು ಕೇವಲ ಪಾಪವೆನ್ನದೆ ವ್ಯಸನವೆಂದು ಕರೆದುದರಲ್ಲಿ ಸೂಕ್ಷ್ಮವಾದ ದೃಷ್ಟಿಯಿದೆ. ಹಸಿವಿನಿಂದ ಕೊಲ್ಲುವವನು ಹಸಿವು ತೀರಿದಾಗ ನಿಲ್ಲಬಹುದು. ವಿನೋದಕ್ಕಾಗಿ ಕೊಲ್ಲುವವನಿಗೆ ನಿಲ್ಲುವ ಗಡಿಯೇ ಇಲ್ಲ. ವ್ಯಸನದ ಬೇರು ಆಯುಧದಲ್ಲಿಲ್ಲ, ಮನಸ್ಸಿನಲ್ಲಿದೆ.

ಕಳೆದ ಒಂದು ಶತಮಾನದಲ್ಲಿ ಈ ವ್ಯಸನದ ಹೊರರೂಪ ಬಹಳವಾಗಿ ಬದಲಾಯಿತು. ಒಮ್ಮೆ ಕೋವಿ ಹಿಡಿದವರಿಗಾಗಿ ಕಾಡಿನಲ್ಲಿ ಎದ್ದ ಡೇರೆಗಳು ಇಂದು ಕ್ಯಾಮೆರಾ ಹಿಡಿದವರಿಗಾಗಿ ಏಳುತ್ತಿವೆ. ಬೇಸಿಗೆಯ ರಜೆ ಬಂತೆಂದರೆ ನಮ್ಮ ಕುಟುಂಬಗಳು ಕಬಿನಿಗೆ, ಬಂಡೀಪುರಕ್ಕೆ ಹೊರಡುತ್ತವೆ. ಅನುಕೂಲವುಳ್ಳವರು ಕೀನ್ಯಾ, ಟಾಂಜಾನಿಯಾಗಳವರೆಗೂ ಹೋಗಿಬರುತ್ತಾರೆ. “ನಾವೇನು ಕೊಂದೆವೇ? ಚಿತ್ರ ತೆಗೆದುಕೊಂಡು ಬಂದೆವು ಅಷ್ಟೆ” ಎಂಬ ಸಮಾಧಾನ ಅವರದು. ಈ ಸಮಾಧಾನ ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದನ್ನು ತಿಳಿಯಲು ಡೇರೆಯ ಚರಿತ್ರೆಯನ್ನೇ ನೋಡಬೇಕು. ಆ ಚರಿತ್ರೆಯ ಒಂದು ಮುಖ್ಯ ಎಳೆ ಬೆಂಗಳೂರಿನ ದಂಡುಪ್ರದೇಶದಲ್ಲಿಯೇ ಸಿಗುತ್ತದೆ.

ದಂಡಿನವರ ಬೇಟೆ

ಹಲಸೂರಿನ ಪಕ್ಕದಲ್ಲಿ ಬ್ರಿಟಿಷರ ದಂಡು 1809ರಲ್ಲಿ ನೆಲೆಗೊಂಡಿತು. ಅದರ ಸುತ್ತ ಬ್ಲ್ಯಾಕ್‌ಪಲ್ಲಿ ಬೆಳೆಯಿತು. ಅದೇ ಇಂದಿನ ಶಿವಾಜಿನಗರ. ದಂಡುಪ್ರದೇಶವು ಮೈಸೂರು ಸಂಸ್ಥಾನಕ್ಕೆ ಹಿಂದಿರುಗಿದುದು 1947ರಲ್ಲಿ. ಈ ನಡುವಣ ಅವಧಿಯಲ್ಲಿ ದಂಡಿನ ಅಧಿಕಾರಿಗಳಿಗೆ ರಜೆಯೆಂದರೆ ಬಹುಮಟ್ಟಿಗೆ ಬೇಟೆಯೆಂದೇ ಅರ್ಥ. ಡೇರೆ, ಮಂಚ, ಪಾತ್ರೆ, ಮದ್ದುಗುಂಡುಗಳೊಂದಿಗೆ ಎತ್ತಿನ ಬಂಡಿಗಳು ಮುಂದಾಗಿ ಹೋಗುತ್ತಿದ್ದವು. ಅವುಗಳಿಗಿಂತಲೂ ಮುಂದೆ ಒಬ್ಬ ಮನುಷ್ಯ ಹೋಗುತ್ತಿದ್ದ: ನೀರು ಎಲ್ಲಿದೆ, ಹೆಜ್ಜೆ ಎಲ್ಲಿ ಬಿದ್ದಿದೆ, ಗಾಳಿ ಯಾವ ಕಡೆಗೆ ಬೀಸುತ್ತದೆ ಎಂದು ನೋಡಿ ತಿಳಿಸುವ ಜಾಡುಗಾರ. ಹೆಚ್ಚಾಗಿ ಅವನು ಜೇನುಕುರುಬನೋ ಸೋಲಿಗನೋ ಆಗಿರುತ್ತಿದ್ದ. ದೊರೆಗಳ ದಿನಚರಿಯಲ್ಲಿ ಹುಲಿಯ ಉದ್ದ ಅಂಗುಲ ಲೆಕ್ಕದಲ್ಲಿ ದಾಖಲಾಯಿತು. ಜಾಡುಗಾರನ ಹೆಸರು ಬಹಳ ಕಡೆ ದಾಖಲಾಗಲೇ ಇಲ್ಲ.

ಕಾಡಿನ ಡೇರೆ ಆಗಲೇ ಬರಿಯ ತಂಗುದಾಣವಾಗಿರದೆ ನೋಟದ ಮಂಟಪವೂ ಆಗಿತ್ತು. ಮೈಸೂರು ಸರ್ಕಾರದ ನೌಕರರಾಗಿದ್ದ ಜಿ.ಪಿ. ಸ್ಯಾಂಡರ್ಸನ್ 1873–74ರಲ್ಲಿ ಈ ಸೀಮೆಯಲ್ಲಿ ಖೆಡ್ಡಾ ವಿಧಾನದಿಂದ ಆನೆ ಹಿಡಿಯುವ ಕಾರ್ಯವನ್ನು ಆರಂಭಿಸಿದರು. ತಮ್ಮ ಕಾಡಿನ ಅನುಭವಗಳನ್ನು 1878ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಮುಂದೆ ಕಾಕನಕೋಟೆಯ ಖೆಡ್ಡಾಗಳು ರಾಜಾತಿಥಿಗಳ ಪ್ರೇಕ್ಷಣೀಯ ವಿಷಯವಾದವು. ಆನೆಗಳನ್ನು ಹೊಳೆಗೆ ಅಟ್ಟಿ ಬೇಲಿಯೊಳಗೆ ತುಂಬುವುದನ್ನು ನೋಡಲು ಅಟ್ಟಣೆಗಳು ಕಟ್ಟಲ್ಪಟ್ಟವು, ಅತಿಥಿಗಳಿಗಾಗಿ ಡೇರೆಗಳ ಊರೇ ಎದ್ದಿತು. ಕೊಲ್ಲುವ ಉದ್ದೇಶ ಅಲ್ಲಿರಲಿಲ್ಲ, ನಿಜ. ಆದರೆ ಹಿಡಿದ ಆನೆಗಳಲ್ಲಿ ಹಲವು ಹಗ್ಗದ ಗಾಯದಿಂದಲೂ ಕೊರಗಿನಿಂದಲೂ ಸಾಯುತ್ತಿದ್ದವು. ಮರಿಗಳು ತಾಯಿಯಿಂದ ಅಗಲುತ್ತಿದ್ದವು. ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. ಅನಂತರ ಆ ನೆಲವನ್ನು ಕಬಿನಿ ಜಲಾಶಯದ ನೀರು ಆವರಿಸಿತು.

ಆಫ್ರಿಕದ ಉದಾಹರಣೆ

‘ಸಫಾರಿ’ ಎಂಬ ಪದ ಆಫ್ರಿಕದ ಸ್ವಾಹಿಲಿ ಭಾಷೆಯಿಂದ ಜಗತ್ತಿಗೆಲ್ಲ ಹರಡಿತು. ಅದರ ಮೂಲ ಅರಬ್ಬಿಯ ‘ಸಫರ್’, ಎಂದರೆ ಪ್ರಯಾಣ. ಶಿವಾಜಿನಗರದ ಉರ್ದು ಮನೆಮಾತಿನಲ್ಲಿ ಆ ಪದ ಇಂದಿಗೂ ಅದೇ ಅರ್ಥದಲ್ಲಿ ಬಳಕೆಯಲ್ಲಿದೆ. ಪ್ರಯಾಣವೆಂಬ ನಿರುಪದ್ರವಿಯಾದ ಮಾತು ಬೇಟೆಯ ಹೆಸರಾದುದು ಬಿಳಿಯರ ಕಾಲದಲ್ಲಿ.

ಆ ಕಾಲದ ಸಫಾರಿಯ ಪ್ರಮಾಣ ಎಷ್ಟಿತ್ತೆಂಬುದಕ್ಕೆ ಅಮೆರಿಕದ ಮಾಜಿ ರಾಷ್ಟ್ರಾಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರ 1909–10ರ ಯಾತ್ರೆ ಒಂದು ನಿದರ್ಶನ. ನೂರಾರು ಹೊರೆಯಾಳುಗಳು ಡೇರೆಗಳನ್ನು ತಲೆಯ ಮೇಲೆ ಹೊತ್ತು ನಡೆದರು. ತಂದೆ ಮಗ ಇಬ್ಬರೇ ಸೇರಿ 512 ಪ್ರಾಣಿಗಳನ್ನು ಕೊಂದರೆಂದು ರೂಸ್‌ವೆಲ್ಟರೇ ಪಟ್ಟಿ ಕೊಟ್ಟಿದ್ದಾರೆ. ವಸ್ತುಸಂಗ್ರಹಾಲಯಕ್ಕಾಗಿ ಎಂಬುದು ಆ ಯಾತ್ರೆಯ ಉದ್ದೇಶವಾಗಿತ್ತು.

ಅದೇ ಕಾಲದಲ್ಲಿ ಬೇರೊಂದು ಧ್ವನಿಯೂ ಕೇಳಿಬಂದಿತು. ಇಂಗ್ಲೆಂಡಿನ ಎಡ್ವರ್ಡ್ ನಾರ್ತ್ ಬಕ್ಸ್‌ಟನ್ 1902ರಲ್ಲಿ ಪ್ರಕಟಿಸಿದ ತಮ್ಮ ಆಫ್ರಿಕ ಪ್ರವಾಸದ ಗ್ರಂಥದಲ್ಲಿ ಕೋವಿಗಿಂತ ಕ್ಯಾಮೆರಾ ಲೇಸೆಂದು ವಾದಿಸಿದರು. ಜರ್ಮನಿಯ ಸಿ.ಜಿ. ಷಿಲ್ಲಿಂಗ್ಸ್ ಮಿಂಚುಪುಡಿಯ ಬೆಳಕಿನಲ್ಲಿ ರಾತ್ರಿಯ ಹೊತ್ತು ಸಿಂಹಗಳ ಚಿತ್ರ ತೆಗೆದು 1905ರಲ್ಲಿ ಗ್ರಂಥರೂಪದಲ್ಲಿ ಹೊರತಂದು ಜಗತ್ತನ್ನು ಬೆರಗುಗೊಳಿಸಿದರು. ಆದರೆ ಆ ಪ್ರಸಿದ್ಧ ಚಿತ್ರಗಳನ್ನು ನಿದಾನಿಸಿ ನೋಡಿದರೆ ಸಿಂಹದ ಮುಂದೆ ಇನ್ನೊಂದು ಪ್ರಾಣಿ ಕಾಣುತ್ತದೆ: ಗೂಟಕ್ಕೆ ಕಟ್ಟಿದ ಎತ್ತು ಅಥವಾ ಕತ್ತೆ. ಸಿಂಹ ಬರಲೆಂದು ಕಟ್ಟಿದ ಜೀವವದು. ಚಿತ್ರಕಾರನು ಗುಂಡು ಹಾರಿಸಲಿಲ್ಲ. ಆದರೆ ಆ ಎತ್ತು ಸತ್ತಿತು.

ಕೃತ, ಕಾರಿತ, ಅನುಮೋದಿತ ಎಂಬ ಮೂರು ವಿಧವಾದ ಹಿಂಸೆಯನ್ನು ಬಾಲ್ಯದಿಂದಲೇ ಕೇಳಿ ಬಲ್ಲ ಜೈನ ವಾಚಕರಿಗೆ ಇದರ ಲೆಕ್ಕವನ್ನು ವಿವರಿಸಬೇಕಾಗಿಲ್ಲ. ತಾನು ಮಾಡುವುದು ಕೃತ, ಮತ್ತೊಬ್ಬರಿಂದ ಮಾಡಿಸುವುದು ಕಾರಿತ, ಮಾಡಿದುದನ್ನು ಮೆಚ್ಚುವುದು ಅನುಮೋದನೆ. ಎತ್ತನ್ನು ಕಟ್ಟಿದವನಿಗೆ ಎರಡನೆಯದು, ಚಿತ್ರವನ್ನು ಮೆಚ್ಚಿದ ಯೂರೋಪಿಗೆ ಮೂರನೆಯದು.

ಇದಕ್ಕೆ ಪ್ರತಿಯಾದ ದಾರಿ ನಮ್ಮ ದೇಶದಲ್ಲಿಯೇ ತೋರಿತು. ಸಂಯುಕ್ತ ಪ್ರಾಂತ್ಯದ ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್ ಹುಲಿ ತಾನಾಗಿ ನಡೆದುಬರುವ ಕಾಲುದಾರಿಯಲ್ಲಿ ತಂತಿಯನ್ನು ಹಾಯಿಸಿ, ಅದು ತಾಗಿದೊಡನೆ ಕ್ಯಾಮೆರಾ ಕೆಲಸ ಮಾಡುವಂತೆ ಹೂಡಿದರು. ಅವರ ಪುಸ್ತಕ ಪ್ರಕಟವಾದುದು 1927ರಲ್ಲಿ. ಕ್ಯಾಮೆರಾ ಹಿಡಿದವರ ಮುಂದೆ ಹೀಗೆ ಮೊದಲಿನಿಂದಲೂ ಎರಡು ದಾರಿಗಳಿದ್ದವು: ಪ್ರಾಣಿಯನ್ನು ತನ್ನ ಬಳಿಗೆ ಬರಿಸಿಕೊಳ್ಳುವುದು ಒಂದು, ಪ್ರಾಣಿ ಬರುವವರೆಗೆ ಕಾದಿರುವುದು ಇನ್ನೊಂದು.

ಬೆಂಗಳೂರಿನ ಪರಿವರ್ತನೆ

ಬೆಂಗಳೂರಿನ ಪೂರ್ವಭಾಗದಲ್ಲಿ 1940ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪಿತವಾಯಿತು. ಅದನ್ನು ಕಟ್ಟಿದವರು ಸೊಲ್ಲಾಪುರದ ಜೈನ ಮನೆತನದ ಉದ್ಯಮಿ ವಾಲಚಂದ್ ಹೀರಾಚಂದರು. ಬೆಂಬಲವಾಗಿ ನಿಂತುದು ಮೈಸೂರು ಸರ್ಕಾರ. ದಕ್ಷಿಣ ಭಾರತದ ಸುಪ್ರಸಿದ್ಧ ಬೇಟೆಗಾರ–ಬರೆಹಗಾರ ಕೆನೆತ್ ಆಂಡರ್‌ಸನ್ (1910–1974) ಉದ್ಯೋಗದಲ್ಲಿದ್ದುದು ಈ ಕಾರ್ಖಾನೆಯಲ್ಲಿ. ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ ಇವರು ಕನ್ನಡ, ತಮಿಳುಗಳನ್ನು ಬಲ್ಲವರು, ಹಳ್ಳಿಗರೊಡನೆ ಬೆರೆತವರು. ನರಭಕ್ಷಕ ಹುಲಿ, ಚಿರತೆಗಳನ್ನು ಕುರಿತ ಇವರ ಮೊದಲ ಪುಸ್ತಕ 1954ರಲ್ಲಿ ಹೊರಬಂದಿತು. ಮನುಷ್ಯರನ್ನು ಕೊಲ್ಲುವ ಮೃಗವನ್ನು ಕೊಲ್ಲುವುದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಗೃಹಸ್ಥಧರ್ಮದಲ್ಲಿ ವಿರೋಧಿ ಹಿಂಸೆಗೂ ಸಂಕಲ್ಪಿ ಹಿಂಸೆಗೂ ವ್ಯತ್ಯಾಸವನ್ನು ಹೇಳಿಯೇ ಇದೆ. ಇಲ್ಲಿ ಗಮನಾರ್ಹವಾದುದು ಇಷ್ಟೇ: ಜೀವನದ ಉತ್ತರಭಾಗದಲ್ಲಿ ಆಂಡರ್‌ಸನ್ ಕೋವಿಯನ್ನು ಕೆಳಗಿಟ್ಟು ಕ್ಯಾಮೆರಾ ಹಿಡಿದರು, ವನ್ಯಜೀವಿಗಳ ರಕ್ಷಣೆಯ ಪರವಾಗಿ ನಿಂತರು.

ಅದೇ ಕಾಲಕ್ಕೆ ನಗರದಲ್ಲಿ ಒಂದು ಛಾಯಾಗ್ರಾಹಕ ಪರಂಪರೆಯೇ ರೂಪುಗೊಂಡಿತು. ಮೈಸೂರು ಫೋಟೋಗ್ರಾಫಿಕ್ ಸೊಸೈಟಿಯ ಓ.ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನದಲ್ಲಿ ಬೆಳೆದ ಟಿ.ಎನ್.ಎ. ಪೆರುಮಾಳ್ (1932–2017) ಮತ್ತು ಅವರ ಸಮಕಾಲೀನರಾದ ಇ. ಹನುಮಂತರಾವ್ ಅವರು ನಮ್ಮ ಕಾಡುಗಳ ಚಿತ್ರಗಳನ್ನು ಜಗತ್ತಿಗೆ ತೋರಿಸಿದರು. 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಆರಂಭವಾಗಿ ನೂರಾರು ತರುಣರಿಗೆ ಈ ವಿದ್ಯೆ ಕಲಿಸಿತು. ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆಯವರು ರಾಜ್ಯದ ಅರ್ಥಸಚಿವರಾಗಿದ್ದೂ ಕಾಡಿನಲ್ಲಿ ಕ್ಯಾಮೆರಾದೊಂದಿಗೆ ಕಾದು ಕುಳಿತವರು. ಸಂಸ್ಥಾನಗಳ ಅರಸರಿಗೆ ಬೇಟೆ ಕುಲಧರ್ಮವೆನಿಸಿದ್ದ ಕಾಲದಿಂದ ಇಲ್ಲಿಗೆ ಬಹಳ ದೂರ ಬಂದಂತಾಯಿತು.

ಕಾನೂನೂ ಜೊತೆಗೂಡಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಅಧಿನಿಯಮ ಜಾರಿಯಾಯಿತು. ಮರುವರ್ಷ ಹುಲಿ ಯೋಜನೆ ಆರಂಭವಾಗಿ ಬಂಡೀಪುರವೂ ಅದರಲ್ಲಿ ಸೇರಿತು. ಕೀನ್ಯಾ ದೇಶ 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ಮೈಸೂರಿನಲ್ಲಿ ಸಾವಿರಾರು ಹುಲಿ, ಚಿರತೆಗಳ ಚರ್ಮವನ್ನು ಹದಮಾಡಿ ಗೋಡೆಗೇರಿಸಿಕೊಟ್ಟ ವ್ಯಾನ್ ಇಂಗನ್ ಕಾರ್ಖಾನೆಯೂ 20ನೆಯ ಶತಮಾನದ ಕೊನೆಗೆ ಮುಚ್ಚಿತು.

ಕಬಿನಿಯ ದಡದಲ್ಲಿ

ಕರ್ನಾಟಕ ಸರ್ಕಾರವು ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯ ಸಹಭಾಗಿತ್ವದಲ್ಲಿ 1980ರಲ್ಲಿ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಎಂಬ ಸಂಸ್ಥೆಯನ್ನು ಆರಂಭಿಸಿತು. ಮುಂದೆ ಅದು ಪೂರ್ಣವಾಗಿ ಸರ್ಕಾರದ್ದಾಯಿತು. ಅದರ ಕಚೇರಿ ಬಹುಕಾಲ ದಂಡುಪ್ರದೇಶದ ಮಹಾತ್ಮಾಗಾಂಧಿ ರಸ್ತೆಯಲ್ಲಿತ್ತು. ಕಾಡಿನಲ್ಲಿ ತಕ್ಕ ಜಾಗವನ್ನು ಹುಡುಕುವ ಕೆಲಸ ಕರ್ನಲ್ ಜಾನ್ ವೇಕ್‌ಫೀಲ್ಡ್ ಅವರ ಪಾಲಿಗೆ ಬಂದಿತು. ಬಿಹಾರದ ಗಯೆಯಲ್ಲಿ 1916ರಲ್ಲಿ ಜನಿಸಿದ ಇವರು ಬಾಲ್ಯದಲ್ಲಿಯೇ ಹುಲಿಯನ್ನು ಹೊಡೆದವರು, ಬೇಟೆಯ ಶಿಬಿರಗಳನ್ನು ಬಲ್ಲವರು. ಇವರು ಆರಿಸಿದ ಜಾಗ ಕಬಿನಿ ದಡದ ಕಾರಾಪುರ. ಮಹಾರಾಜರ ಬೇಟೆಯ ಬಿಡಾರವಿದ್ದ ಸ್ಥಳ. ಬೇಟೆಗಾರನ ಕಣ್ಣು ಅಲ್ಲಿ ಏನನ್ನು ಕಂಡಿತೆಂಬುದು ಪ್ರತಿ ಬೇಸಿಗೆಯಲ್ಲಿಯೂ ತಿಳಿಯುತ್ತದೆ. ಮಾರ್ಚಿನಿಂದ ಮೇ ತಿಂಗಳವರೆಗೆ ಹಿನ್ನೀರು ಇಳಿದು ಹಸುರು ಹುಲ್ಲು ಚಿಗುರುತ್ತದೆ. ಸುತ್ತಣ ಕಾಡುಗಳ ಆನೆಗಳು ನೂರಾರು ಸಂಖ್ಯೆಯಲ್ಲಿ ಅಲ್ಲಿಗೆ ಇಳಿದುಬರುತ್ತವೆ. ಒಂದು ಕಾಲಕ್ಕೆ ಖೆಡ್ಡಾದ ಗದ್ದಲ ಕೇಳಿದ ಸೀಮೆಯಲ್ಲಿ ಈಗ ಹರಿಗೋಲಿನಲ್ಲಿ ಕುಳಿತವರು ಮೌನವಾಗಿ ನೋಡುತ್ತಾರೆ. ‘ಪಾಪಾ’ ಎಂದು ಎಲ್ಲರೂ ಕರೆಯುತ್ತಿದ್ದ ವೇಕ್‌ಫೀಲ್ಡ್ 2010ರಲ್ಲಿ ನಿಧನರಾಗುವವರೆಗೂ ಕಬಿನಿಯ ಮನುಷ್ಯರಾಗಿಯೇ ಉಳಿದರು.

ಇದು ಸಂತೋಷದ ಕಥೆ. ಆದರೆ ಇಲ್ಲಿಗೇ ನಿಲ್ಲಿಸಿದರೆ ಜಮೆಯನ್ನು ಬರೆದು ಖರ್ಚನ್ನು ಬಿಟ್ಟಂತಾಗುತ್ತದೆ. ಖರ್ಚಿನ ಪುಟವನ್ನೂ ತೆರೆಯಬೇಕು.

ಮೊದಲನೆಯದು, ಗೂಟಕ್ಕೆ ಕಟ್ಟಿದ ಜೀವ. ಬೇಟೆ ನಿಂತ ಮೇಲೂ ನೇಪಾಳದ ಚಿತವನದಲ್ಲಿ ಮತ್ತು ಭಾರತದ ಕೆಲವು ಹುಲಿಧಾಮಗಳಲ್ಲಿ ಪ್ರವಾಸಿಗರಿಗೆ ಹುಲಿಯನ್ನು ತೋರಿಸುವುದಕ್ಕಾಗಿ ಎಮ್ಮೆಯ ಕರುಗಳನ್ನು ಕಟ್ಟುವ ಪದ್ಧತಿ ಕೆಲವು ಕಾಲ ಮುಂದುವರಿಯಿತು. ಷಿಲ್ಲಿಂಗ್ಸ್ ಕಟ್ಟಿದ ಎತ್ತಿಗೂ ಈ ಕರುವಿಗೂ ಏನು ಭೇದ? ಆ ಪದ್ಧತಿ ನಿಂತುದು ಒಳ್ಳೆಯದೇ. ಆದರೆ ಕೋವಿ ಹೋದೊಡನೆ ಹಿಂಸೆಯೂ ಹೋಗಲಿಲ್ಲವೆಂಬುದನ್ನು ಅದು ತೋರಿಸಿತು.

ಎರಡನೆಯದು, ಗಾಳ. ಕಾವೇರಿಯ ಭೀಮೇಶ್ವರಿಯಲ್ಲಿ ಡೇರೆಗಳ ಶಿಬಿರವೊಂದು ಮಹಶೀರ್ ಮೀನಿನ ಗಾಳದಾಟಕ್ಕೆ ಪ್ರಸಿದ್ಧವಾಯಿತು. ಹಿಡಿದ ಮೀನನ್ನು ತೂಗಿ, ಎತ್ತಿ ಹಿಡಿದು ಚಿತ್ರ ತೆಗೆಸಿಕೊಂಡು, ನೀರಿಗೆ ಬಿಡುವುದು ನಿಯಮ. ಕೊಲ್ಲುವುದಕ್ಕಿಂತ ಇದು ಲೇಸು. ಈ ಆಟದಿಂದ ಬಂದ ಕಾವಲೂ ಮೀನಿನ ಸಂತತಿಗೆ ನೆರವಾಯಿತೆಂದು ಅದರ ಬೆಂಬಲಿಗರು ಹೇಳುತ್ತಾರೆ. ಆದರೂ ಬಾಯಿಗೆ ಕೊಕ್ಕೆ ಚುಚ್ಚಿ ಎಳೆದುದು ನೋವಲ್ಲವೆನ್ನಲಾಗದು. ವನ್ಯಧಾಮದೊಳಗಿನ ಈ ಆಟ ಅನಂತರ ನಿಂತಿತು.

ಮೂರನೆಯದು, ಗೂಡು. ಹಕ್ಕಿ ಗೂಡು ಕಟ್ಟಿ ಮರಿಗೆ ಉಣಿಸುವಾಗ ಒಂದೇ ಕಡೆಗೆ ಮರಳಿ ಮರಳಿ ಬರುತ್ತದೆ. ಆದುದರಿಂದ ಚಿತ್ರ ಸುಲಭ. ಅಡ್ಡ ಬಂದ ಎಲೆ, ಕೊಂಬೆಗಳನ್ನು ಕತ್ತರಿಸಿದರೆ ಚಿತ್ರ ಇನ್ನೂ ಸ್ಪಷ್ಟ. ಆದರೆ ಆ ಎಲೆಯೇ ಮರಿಗೆ ಬಿಸಿಲಿನಿಂದ ನೆರಳು, ಕಾಗೆಯ ಕಣ್ಣಿನಿಂದ ಮರೆ. ಈಗ ಅನೇಕ ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ಇದು ಛಾಯಾಗ್ರಾಹಕರೇ ತಮಗೆ ತಾವು ಹಾಕಿಕೊಂಡ ವ್ರತ, ಅಭಿನಂದನಾರ್ಹವಾದುದು. ಆದರೂ 2011ರಲ್ಲಿ ಹೆಸರಘಟ್ಟದ ಹುಲ್ಲುಗಾವಲಿಗೆ ಲೆಸ್ಸರ್ ಫ್ಲೋರಿಕನ್ ಎಂಬ ಅಪರೂಪದ ನೆಲಹಕ್ಕಿ ಬಂದಾಗ ಕ್ಯಾಮೆರಾಗಳನ್ನು ಹೊತ್ತ ಕಾರುಗಳು ಹುಲ್ಲಿನ ಮೇಲೆಯೇ ಅದನ್ನು ಅಟ್ಟಿದುದು ನಗರಕ್ಕೆ ಗೌರವ ತರುವ ಸಂಗತಿಯಲ್ಲ.

ಜಾಗ ನೋಡುವವನ ಹೊಣೆ

ಡೇರೆಯ ಚರಿತ್ರೆಯಲ್ಲಿ ಮುಖ್ಯನಾದವನು ಮುಂದಾಗಿ ಹೋಗಿ ಜಾಗ ನೋಡಿಬರುವವನು. ಆಫ್ರಿಕದ ಸೆರೆಂಗೆಟಿಯಲ್ಲಿ ಹತ್ತು ಲಕ್ಷಕ್ಕೂ ಮೀರಿದ ವಿಲ್ಡಬೀಸ್ಟ್ ಎಂಬ ಮೃಗಗಳು ಮಳೆಯನ್ನು ಅನುಸರಿಸಿ ವರ್ಷವಿಡೀ ಸಂಚರಿಸುತ್ತವೆ. ಅವುಗಳ ಹಿಂದೆಯೇ ಶಿಬಿರಗಳೂ ಸಂಚರಿಸುತ್ತವೆ: ಮರಿಹಾಕುವ ಕಾಲಕ್ಕೆ ದಕ್ಷಿಣದ ಬಯಲಿನಲ್ಲಿ, ಜುಲೈ ಅನಂತರ ಉತ್ತರದ ನದಿಗಳ ಬಳಿ. ಜಾಗ ನೋಡುವವನು ಹಲವು ಸಂಗತಿಗಳನ್ನು ತೂಗಬೇಕು. ನೀರು ಸಮೀಪದಲ್ಲಿರಬೇಕು, ಆದರೆ ನೀರಿಗೆ ಬರುವ ಮೃಗಗಳ ದಾರಿಗೆ ಡೇರೆ ಅಡ್ಡವಾಗಬಾರದು. ನೀರಾನೆ ರಾತ್ರಿ ಮೇಯಲು ಏರಿಬರುವ ಜಾಡಿನಲ್ಲಿ ಡೇರೆ ಹಾಕಿದರೆ ಮನುಷ್ಯನಿಗೂ ಅಪಾಯ, ಪ್ರಾಣಿಗೂ ಕಂಟಕ. ಒಣಗಿದ ಹೊಳೆಯ ಮರಳು ಸಮತಟ್ಟಾಗಿ ಕಾಣುತ್ತದೆ. ದೂರದಲ್ಲಿ ಮಳೆಯಾದರೆ ರಾತ್ರೋರಾತ್ರಿ ನೀರು ನುಗ್ಗುತ್ತದೆ. ಕೊನೆಗೆ ಶಿಬಿರ ಎದ್ದುಹೋದ ಮೇಲೆ ಗುಂಡಿ ಮುಚ್ಚಿ, ಬೂದಿ ಬಳಿದು, ಕಸವನ್ನೆಲ್ಲ ಹೊತ್ತೊಯ್ದು, ಮುಂದಿನ ಮಳೆಗೆ ಹುಲ್ಲು ಬೆಳೆಯುವಂತೆ ಬಿಡಬೇಕು. ಒಳ್ಳೆಯ ಶಿಬಿರದ ಗುರುತೇ ಗುರುತುಳಿಯದಿರುವುದು.

ಮುನಿಗಳಿಗೆ ವಿಧಿಸಿದ ಪಂಚಸಮಿತಿಗಳಲ್ಲಿ ನಡೆಯುವಾಗಿನ ಎಚ್ಚರ ಈರ್ಯಾಸಮಿತಿ. ವಸ್ತುವನ್ನು ಎತ್ತಿಡುವಾಗಿನ ಎಚ್ಚರ ಆದಾನನಿಕ್ಷೇಪಣ. ಮಲಮೂತ್ರಾದಿಗಳನ್ನು ವಿಸರ್ಜಿಸುವಾಗಿನ ಎಚ್ಚರ ಪ್ರತಿಷ್ಠಾಪನ. ಸಫಾರಿಯ ಜಾಡುಗಾರನು ಈ ಹೆಸರುಗಳನ್ನು ಕೇಳಿರಲಾರ. ಆದರೆ ತನ್ನ ವೃತ್ತಿಯ ಅನುಭವದಿಂದ ಅವನು ಕಂಡುಕೊಂಡ ನಿಯಮಗಳು ಇವುಗಳ ಸಮೀಪದವೇ ಆಗಿವೆ.

ಜಾಗ ನೋಡುವಾಗ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಅಲ್ಲಿ ಮೊದಲೇ ಯಾರಿದ್ದಾರೆ? ಜಲಾಶಯಕ್ಕಾಗಿ, ಉದ್ಯಾನಕ್ಕಾಗಿ ಕಾಕನಕೋಟೆ–ನಾಗರಹೊಳೆಯ ಆದಿವಾಸಿ ಹಾಡಿಗಳು ಎದ್ದುಹೋದವು. 1990ರ ದಶಕದಲ್ಲಿ ಅದೇ ನಾಗರಹೊಳೆಯ ಒಳಗಿನ ಮೂರ್ಕಲ್‌ನಲ್ಲಿ ಪ್ರವಾಸಿಗರ ವಸತಿಗೃಹವೊಂದಕ್ಕೆ ಗುತ್ತಿಗೆ ಕೊಡಲಾಯಿತು. ತಮಗೆ ಇರಗೊಡದ ಕಾಡಿನಲ್ಲಿ ಪ್ರವಾಸಿಗರಿಗೆ ಹೇಗೆ ಇರಗೊಡುವಿರೆಂದು ಆದಿವಾಸಿಗಳು ಪ್ರತಿಭಟಿಸಿದರು. 1997ರಲ್ಲಿ ಉಚ್ಚ ನ್ಯಾಯಾಲಯವು ಆ ಗುತ್ತಿಗೆ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹುಲಿಧಾಮಗಳ ಒಳವಲಯದಲ್ಲಿ ಪ್ರವಾಸೋದ್ಯಮವನ್ನು ಕೆಲವು ತಿಂಗಳು ತಡೆಹಿಡಿದು, ನಿಯಮಗಳು ರೂಪುಗೊಂಡ ಮೇಲೆಯೇ ಅನುಮತಿ ನೀಡಿತು.

ಚಾಂಪಿಯನ್ನರ ತಂತಿಯ ದಾರಿಯೂ ಮುಂದುವರಿಯಿತು. 1990ರ ದಶಕದಲ್ಲಿ ಡಾ. ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿಯ ದಾರಿಯ ಬದಿಗೆ ಕ್ಯಾಮೆರಾಗಳನ್ನಿಟ್ಟು, ಒಂದರ ಪಟ್ಟೆ ಇನ್ನೊಂದರಂತಿರುವುದಿಲ್ಲವೆಂಬ ಆಧಾರದ ಮೇಲೆ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು ಸ್ಥಾಪಿಸಿದರು. ಅಟ್ಟದೆ, ಕರೆಯದೆ, ಕಟ್ಟದೆ ತೆಗೆದ ಆ ಚಿತ್ರಗಳಿಂದ ಹುಲಿಗೇ ಉಪಕಾರವಾಯಿತು.

ಹಿಟ್ಟಿನ ಕೋಳಿಯ ಪಾಠ

ಜನ್ನ ಕವಿಯ ಯಶೋಧರ ಚರಿತೆಯ ಕಥೆ ನಮ್ಮ ಮನೆಮನೆಗೆ ಪರಿಚಿತವಾದುದು. ಜೀವಬಲಿಗೆ ಒಪ್ಪದ ಅರಸ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿದ. ರಕ್ತ ಹರಿಯಲಿಲ್ಲ, ಆದರೆ ಕಡಿಯುವ ಸಂಕಲ್ಪವಿತ್ತು. ಅದಕ್ಕಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ತೊಳಲಿದರು. ಕ್ಯಾಮೆರಾ ಹಿಡಿದವರ ಆಡುಮಾತಿನಲ್ಲಿ ಚಿತ್ರ ತೆಗೆಯುವುದಕ್ಕೂ ಗುಂಡು ಹಾರಿಸುವುದಕ್ಕೂ ‘ಷೂಟಿಂಗ್’ ಎಂಬ ಒಂದೇ ಪದ. ಹುಲಿ ಕಾಣದ ದಿನ ಹಣ ವ್ಯರ್ಥವಾಯಿತೆಂದು ಚಾಲಕನ ಮೇಲೆ ರೇಗುವುದು, ಇನ್ನೂ ಹತ್ತಿರ ಹೋಗೆಂದು ಒತ್ತಾಯಿಸುವುದು, ಪಕ್ಕದ ಜೀಪಿನವರಿಗಿಂತ ದೊಡ್ಡ ಚಿತ್ರ ತನಗೆ ಬೇಕೆನ್ನುವುದು: ಇವೆಲ್ಲ ಹಳೆಯ ಬೇಟೆಗಾರನ ಮನಸ್ಸಿನ ಹೊಸ ಮಾತುಗಳು. ಗೋಡೆಯ ಮೇಲಿನ ಚರ್ಮದ ಜಾಗದಲ್ಲಿ ಚಿತ್ರ ಬಂದಿದೆ; ಅದನ್ನು ತನ್ನದೆಂದು ತೋರಿಸುವ ಪರಿಗ್ರಹಬುದ್ಧಿ ಹಾಗೆಯೇ ಉಳಿದಿದೆ.

ಇದರಿಂದ ಕಾಡಿಗೆ ಹೋಗಬಾರದೆಂದು ಹೇಳಿದಂತಾಗುವುದಿಲ್ಲ. ಕೋವಿಯನ್ನು ಕೆಳಗಿಟ್ಟುದು ಸಣ್ಣ ಸಂಗತಿಯಲ್ಲ. ಆಂಡರ್‌ಸನ್, ವೇಕ್‌ಫೀಲ್ಡರಂತಹ ನುರಿತ ಕೈಗಳೇ ಅದನ್ನು ಬಿಟ್ಟುವೆಂಬುದು ಮನುಷ್ಯಸ್ವಭಾವದಲ್ಲಿ ಭರವಸೆ ಹುಟ್ಟಿಸುತ್ತದೆ. ಆದರೆ ಅದು ಮೊದಲ ಮೆಟ್ಟಿಲು. ಶಿಬಿರಕ್ಕೆ ಮುಂಗಡ ಕೊಡುವ ಗೃಹಸ್ಥನೂ, ಯುವಕರಿಗಾಗಿ ಪ್ರವಾಸ ಏರ್ಪಡಿಸುವ ಬಸದಿಯ ಟ್ರಸ್ಟೂ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಬಹುದು. ಡೇರೆಯ ಜಾಗ ಮೃಗಗಳ ದಾರಿಗೆ ಅಡ್ಡವಾಗಿದೆಯೇ? ಕಸ ಎಲ್ಲಿಗೆ ಹೋಗುತ್ತದೆ? ಸುತ್ತಣ ಹಾಡಿಯವರಿಗೆ ಅಲ್ಲಿ ಕೆಲಸವಿದೆಯೇ? ಪ್ರಾಣಿಯನ್ನು ಮೇವಿನಿಂದಲೋ ಕೂಗಿನಿಂದಲೋ ಬರಿಸುತ್ತಾರೆಯೇ? ಶ್ರಾವಕನಿಗೆ ಹೇಳಿದ ಅನರ್ಥದಂಡ ವಿರತಿಯೆಂದರೆ ಪ್ರಯೋಜನವಿಲ್ಲದ ಹಿಂಸೆಯಿಂದ ದೂರವಿರುವುದು. ವಿನೋದಯಾತ್ರೆಯಲ್ಲಿ ಅದನ್ನು ನೆನೆಯದಿದ್ದರೆ ಮತ್ತೆಲ್ಲಿ ನೆನೆಯುವುದು?

ಹುಲಿ ಕಾಣದೆ ಹಿಂದಿರುಗಿದ ದಿನವೂ ಕಾಡು ಕಂಡಿರುತ್ತದೆ. ಅಂದು ಮಕ್ಕಳು ಚಿತ್ರವಿಲ್ಲದೆಯೂ ಸಂತೋಷದಿಂದ ಮನೆಗೆ ಬಂದರೆ, ಕೋವಿಯೊಂದಿಗೆ ಬೇಟೆಯ ವ್ಯಸನವೂ ಆ ಮನೆಯಿಂದ ಹೋಯಿತೆಂದು ತಿಳಿಯಬಹುದು.